ಮುಖಚೂರ್ಣ ಮತ್ತು ಮೈಬಣ್ಣ: ಒಂದು ಸಾಂಸ್ಕೃತಿಕ ಚರಿತ್ರೆ

ಕಾಳಿದಾಸನ ‘ಮೇಘದೂತ’ದ ಉತ್ತರಮೇಘದಲ್ಲಿ ಅಲಕಾಪುರಿಯ ಸ್ತ್ರೀಯರ ಅಲಂಕಾರದ ವರ್ಣನೆ ಬರುತ್ತದೆ. ಅವರು ಲೋಧ್ರ ಪುಷ್ಪದ ಪರಾಗವನ್ನು ಮುಖಕ್ಕೆ ಲೇಪಿಸಿಕೊಳ್ಳುತ್ತಾರೆ; ಅದರಿಂದ ಅವರ ಮುಖಶ್ರೀಗೆ ‘ಪಾಂಡುತೆ’ ಒದಗುತ್ತದೆ. ಭಾರತೀಯ ಕಾವ್ಯದಲ್ಲಿ ಮುಖಚೂರ್ಣದ ಸ್ಪಷ್ಟ ಉಲ್ಲೇಖಗಳಲ್ಲಿ ಇದೂ ಒಂದು. ಅದೇ ಕಾವ್ಯದಲ್ಲಿ ಮುಂದೆ ಯಕ್ಷನು ತನ್ನ ಮಡದಿಯ ಗುರುತನ್ನು ಮೇಘಕ್ಕೆ ಹೇಳುವಾಗ ಬಳಸುವ ಮೊದಲ ವಿಶೇಷಣಗಳಲ್ಲಿ ‘ಶ್ಯಾಮಾ’ ಎಂಬುದು ಸೇರಿದೆ. ವ್ಯಾಖ್ಯಾನಕಾರ ಮಲ್ಲಿನಾಥನು ಈ ಪದಕ್ಕೆ ‘ಯೌವನದ ಮಧ್ಯದಲ್ಲಿರುವವಳು’ ಎಂದು ಅರ್ಥ ಹೇಳುತ್ತಾನೆ. ಪದಕ್ಕೆ ಆ ಅರ್ಥವೂ ಕೋಶಸಮ್ಮತವೇ. ಆದರೂ ಕಣ್ಣಿಗೆ ಮೊದಲು ಕಾಣುವ ಬಣ್ಣದ ಅರ್ಥವನ್ನು ದಾಟಿ ವಯಸ್ಸಿನ ಅರ್ಥಕ್ಕೆ ವ್ಯಾಖ್ಯಾನವು ಹೋದದ್ದು ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿ. ಒಂದೇ ಕಾವ್ಯದಲ್ಲಿ ಮುಖವನ್ನು ಪಾಂಡುವಾಗಿಸುವ ಚೂರ್ಣವೂ ಇದೆ, ಶ್ಯಾಮೆಯಾದ ನಾಯಿಕೆಯೂ ಇದ್ದಾಳೆ. ಈ ಎರಡರ ನಡುವಿನ ಸಂಬಂಧವೇನು ಎಂಬ ಪ್ರಶ್ನೆಯೇ ಮುಖಚೂರ್ಣದ ಚರಿತ್ರೆಯ ಮೂಲಪ್ರಶ್ನೆ.

ಇಂದು ಮಾರುಕಟ್ಟೆಯಲ್ಲಿ ‘ಸೆಟ್ಟಿಂಗ್ ಪೌಡರ್’ ಎಂದು ಕರೆಯಲಾಗುವ ವಸ್ತುವಿನ ಕೆಲಸ ಸರಳವಾದುದು. ಮುಖಕ್ಕೆ ಹಚ್ಚಿದ ಬಣ್ಣ ಅಥವಾ ಕ್ರೀಮು ಕರಗಿ ಹರಡದಂತೆ ನಿಲ್ಲಿಸುವುದು, ಎಣ್ಣೆಯ ಹಾಗೂ ಬೆವರಿನ ಹೊಳಪನ್ನು ಹೀರುವುದು ಅದರ ಉದ್ದೇಶ. ಈ ಕೆಲಸಕ್ಕೆ ಬಣ್ಣದ ಅಗತ್ಯವೇ ಇಲ್ಲ. ಆದರೂ ಪುಡಿಗೆ ಬಣ್ಣ ಬಂದಿತು. ಆ ಬಣ್ಣ ಯಾರ ಚರ್ಮವನ್ನು ಅಳತೆಗೋಲಾಗಿ ಇಟ್ಟುಕೊಂಡಿತು ಎಂಬುದರ ಮೇಲೆ ಯಾರ ಮುಖ ಮುಖವಾಗಿ ಉಳಿಯಿತು, ಯಾರ ಮುಖ ಬೂದಿ ಬಳಿದಂತಾಯಿತು ಎಂಬುದು ನಿರ್ಧಾರವಾಯಿತು.

ಶಾಸ್ತ್ರಗ್ರಂಥಗಳಲ್ಲಿ ಬಣ್ಣ ಮತ್ತು ಚೂರ್ಣ

ಮೈಬಣ್ಣವನ್ನು ಕೃತಕವಾಗಿ ಸಿದ್ಧಪಡಿಸುವ ವಿಧಾನವನ್ನು ವ್ಯವಸ್ಥಿತವಾಗಿ ಹೇಳಿದ ಪ್ರಾಚೀನ ಗ್ರಂಥ ಭರತನ ‘ನಾಟ್ಯಶಾಸ್ತ್ರ’. ಅದರ ಆಹಾರ್ಯಾಭಿನಯದ ಅಧ್ಯಾಯದಲ್ಲಿ ನೇಪಥ್ಯವನ್ನು ಪುಸ್ತ, ಅಲಂಕಾರ, ಅಂಗರಚನೆ, ಸಜೀವ ಎಂದು ನಾಲ್ಕಾಗಿ ವಿಭಾಗಿಸಲಾಗಿದೆ. ಅಂಗರಚನೆಗೆ ಮೂಲವರ್ಣಗಳು ನಾಲ್ಕು: ಸಿತ, ನೀಲ, ಪೀತ, ರಕ್ತ. ಉಳಿದವು ಇವುಗಳ ಮಿಶ್ರಣದಿಂದ ಹುಟ್ಟುವಂಥವು. ಬಿಳಿ ಮತ್ತು ಹಳದಿ ಕೂಡಿದರೆ ಪಾಂಡು. ಬಿಳಿ ಮತ್ತು ಕೆಂಪು ಕೂಡಿದರೆ ಪದ್ಮವರ್ಣ. ಹಳದಿ ಮತ್ತು ನೀಲಿ ಕೂಡಿದರೆ ಹರಿತ. ಕೆಂಪು ಮತ್ತು ಹಳದಿ ಕೂಡಿದರೆ ಗೌರ. ನೀಲವು ಎಲ್ಲ ವರ್ಣಗಳಿಗಿಂತ ಬಲಶಾಲಿಯಾದುದರಿಂದ ಅದು ಒಂದು ಭಾಗವಾದರೆ ಉಳಿದದ್ದು ನಾಲ್ಕು ಭಾಗವಿರಬೇಕು ಎಂಬ ಪ್ರಮಾಣವನ್ನೂ ಗ್ರಂಥ ಹೇಳುತ್ತದೆ. ಇದು ಬಣ್ಣ ಅರೆಯುವ ಕೈಗಳ ಅನುಭವದಿಂದ ಬಂದ ಮಾತೆಂಬುದು ಸ್ಪಷ್ಟ.

ಈ ಪಟ್ಟಿಯಿಂದ ಎರಡು ವಿಷಯಗಳು ತಿಳಿಯುತ್ತವೆ. ಮೊದಲನೆಯದು, ‘ಗೌರ’ವೆಂದರೆ ಬಿಳುಪಲ್ಲ. ಅದರಲ್ಲಿ ಬಿಳಿಯ ಅಂಶವೇ ಇಲ್ಲ. ಕೆಂಪು ಮತ್ತು ಹಳದಿಗಳ ಹೊಂದಿಕೆಯಿಂದ ಬರುವ ಬೆಚ್ಚನೆಯ ಬಣ್ಣವದು. ಕನ್ನಡದ ಅನೇಕ ಪ್ರದೇಶಗಳಲ್ಲಿ ಇಂದಿಗೂ ತಿಳಿಬಣ್ಣದ ವ್ಯಕ್ತಿಯನ್ನು ‘ಕೆಂಪಗಿದ್ದಾಳೆ’, ‘ಕೆಂಪಗಿದ್ದಾನೆ’ ಎನ್ನುವ ರೂಢಿಯನ್ನು ಇದರೊಡನೆ ಇಟ್ಟು ನೋಡಬಹುದು. ಎರಡನೆಯದು, ಅಲಕೆಯ ಸ್ತ್ರೀಯರ ‘ಪಾಂಡುತೆ’ಯೂ ಶುದ್ಧ ಬಿಳುಪಲ್ಲ. ಅದರಲ್ಲಿ ಹಳದಿಯಿದೆ. ಇಂದಿನ ಪ್ರಸಾಧನ ಪರಿಭಾಷೆಯಲ್ಲಿ ಹೇಳುವುದಾದರೆ ಅದು ಹಳದಿ ಒಳಛಾಯೆಯ ಪುಡಿ.

ಹಾಗೆಂದು ಪ್ರಾಚೀನರ ದೃಷ್ಟಿ ತಾರತಮ್ಯರಹಿತವಾಗಿತ್ತು ಎನ್ನಲಾಗದು. ಯಾವ ಪಾತ್ರಕ್ಕೆ ಯಾವ ಬಣ್ಣ ಎಂಬುದನ್ನು ‘ನಾಟ್ಯಶಾಸ್ತ್ರ’ ದೇಶ ಮತ್ತು ವರ್ಣಗಳ ಆಧಾರದ ಮೇಲೆ ಹಂಚುತ್ತದೆ. ಉತ್ತರ ದಿಕ್ಕಿನ ಶಕ, ಯವನ, ಪಹ್ಲವ, ಬಾಹ್ಲಿಕರು ಪ್ರಾಯಶಃ ಗೌರರು. ಪಾಂಚಾಲ, ಶೂರಸೇನ, ಮಾಗಧ, ಅಂಗ, ವಂಗ, ಕಳಿಂಗರು ಶ್ಯಾಮರು. ಆಂಧ್ರ, ದ್ರಮಿಡ ಹಾಗೂ ದಾಕ್ಷಿಣಾತ್ಯರು ಪ್ರಾಯಶಃ ಅಸಿತರು, ಅಂದರೆ ಕಪ್ಪುಬಣ್ಣದವರು. ಬ್ರಾಹ್ಮಣ, ಕ್ಷತ್ರಿಯರಿಗೆ ಗೌರವರ್ಣವನ್ನೂ ವೈಶ್ಯ, ಶೂದ್ರರಿಗೆ ಶ್ಯಾಮವರ್ಣವನ್ನೂ ವಿಧಿಸಲಾಗಿದೆ. ದುಷ್ಕರ್ಮಿಗಳು, ವ್ಯಾಧಿಗ್ರಸ್ತರು, ತಪಸ್ಸಿನಲ್ಲಿರುವವರು, ಮೈಮುರಿದು ದುಡಿಯುವವರು ಅಸಿತವರ್ಣದವರ ಗುಂಪಿಗೆ ಸೇರುತ್ತಾರೆ. ಬಿಸಿಲಿನಲ್ಲಿ ದುಡಿಯುವವನನ್ನೂ ದುಷ್ಟನನ್ನೂ ಒಂದೇ ಬಣ್ಣದ ಬಟ್ಟಲಿನಿಂದ ಬಳಿಯುವ ಈ ಕ್ರಮವನ್ನು ಮರೆಮಾಚುವ ಅಗತ್ಯವಿಲ್ಲ. ಅದೇ ವೇಳೆಗೆ ರಾಜರು ಪದ್ಮವರ್ಣದವರೋ ಶ್ಯಾಮರೋ ಗೌರರೋ ಆಗಿರಬಹುದು ಎಂದೂ ಗ್ರಂಥ ಹೇಳುತ್ತದೆ ಎಂಬುದನ್ನು ನೆನೆಯಬೇಕು. ಪಾತ್ರದ ಬಣ್ಣವನ್ನು ಸಿದ್ಧಪಡಿಸಬೇಕೆಂಬ ತಿಳಿವಳಿಕೆ ಇಲ್ಲಿತ್ತು. ಎಲ್ಲ ಮುಖಗಳಿಗೂ ಒಂದೇ ಬಿಳುಪನ್ನು ಬಳಿಯುವ ಆಲೋಚನೆ ಇರಲಿಲ್ಲ.

ರಂಗಭೂಮಿಯ ಹೊರಗಿನ ಪ್ರಸಾಧನದಲ್ಲಿ ಆಯ್ಕೆಯ ಮಾನದಂಡವೇ ಬೇರೆಯಾಗಿತ್ತು. 6ನೆಯ ಶತಮಾನದ ವರಾಹಮಿಹಿರನ ‘ಬೃಹತ್ಸಂಹಿತೆ’ಯ ಗಂಧಯುಕ್ತಿ ಪ್ರಕರಣದಲ್ಲಿ ಹದಿನಾರು ದ್ರವ್ಯಗಳಿಂದ ನಾಲ್ಕನ್ನು ಆರಿಸಿ, ಬೇರೆ ಬೇರೆ ಪ್ರಮಾಣದಲ್ಲಿ ಕೂಡಿಸಿದರೆ ದೊರೆಯುವ ಗಂಧಗಳ ಸಂಖ್ಯೆಯನ್ನು 1,74,720 ಎಂದು ಲೆಕ್ಕ ಹಾಕಲಾಗಿದೆ. ಗಣಿತದ ಚರಿತ್ರೆಯಲ್ಲಿ ಸಂಯೋಜನ ಗಣನೆಯ ಆರಂಭದ ನಿದರ್ಶನಗಳಲ್ಲೊಂದಾಗಿ ಈ ಭಾಗ ಪ್ರಸಿದ್ಧ. ಕನ್ನಡದಲ್ಲಿ 1025ರ ಸುಮಾರಿಗೆ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ವೂ ಸುಗಂಧದ್ರವ್ಯಗಳ ತಯಾರಿಕೆಗೆ ಸ್ಥಾನ ನೀಡಿದೆ. ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವು ಇಪ್ಪತ್ತು ಉಪಭೋಗಗಳಲ್ಲಿ ವಿಲೇಪನವನ್ನೂ ಒಂದಾಗಿ ಎಣಿಸುತ್ತದೆ. ಗಂಧಯುಕ್ತಿಯ ಲೆಕ್ಕವೆಲ್ಲವೂ ಪರಿಮಳದ ಲೆಕ್ಕ. ಪರಿಮಳಕ್ಕೆ ಲಕ್ಷಕ್ಕೂ ಮಿಕ್ಕ ಭೇದಗಳನ್ನು ಕಂಡ ನಾಡಿಗೆ, ಮುಂದೊಂದು ದಿನ ಚರ್ಮಕ್ಕೆ ಎರಡೋ ಮೂರೋ ಭೇದಗಳ ಡಬ್ಬಿ ಹಡಗಿನಲ್ಲಿ ಬಂದಿಳಿಯಿತು.

ಬಿಳಿ, ಗುಲಾಬಿ, ರಾಶೆಲ್

ಯುರೋಪಿನಲ್ಲಿ ಬಹುಕಾಲ ಮುಖಕ್ಕೆ ಬಳಸುತ್ತಿದ್ದ ಬಿಳುಪು ಸೀಸದ್ದು. ಅದು ಚರ್ಮವನ್ನು ಸಂಪೂರ್ಣವಾಗಿ ಮುಚ್ಚುತ್ತಿತ್ತು, ವಿಷವೂ ಆಗಿತ್ತು. 19ನೆಯ ಶತಮಾನದಲ್ಲಿ ಅಕ್ಕಿಯ ಪುಡಿ, ಸತುವಿನ ಆಕ್ಸೈಡ್ ಹಾಗೂ ಟಾಲ್ಕ್ ಅದರ ಸ್ಥಾನವನ್ನು ಕ್ರಮೇಣ ಪಡೆದುಕೊಂಡವು. ಟಾಲ್ಕ್ ಕನ್ನಡಿಗರಿಗೆ ಅಪರಿಚಿತ ವಸ್ತುವೇನಲ್ಲ. ನಮ್ಮ ಬಳಪದ ಕಲ್ಲಿನ ಮೃದುತ್ವಕ್ಕೆ ಮುಖ್ಯ ಕಾರಣವಾದ ಖನಿಜಗಳಲ್ಲಿ ಅದೂ ಒಂದು. ಉಗುರಿನಿಂದ ಗೀರಬಹುದಾದಷ್ಟು ಮೆತ್ತಗಿನ ಮೆಗ್ನೀಸಿಯಂ ಸಿಲಿಕೇಟ್.

ಆಗ ಯುರೋಪಿನ ಅಂಗಡಿಗಳಲ್ಲಿ ಸಾಮಾನ್ಯವಾಗಿ ದೊರೆಯುತ್ತಿದ್ದ ಪುಡಿಗಳ ಛಾಯೆಗಳು ಬೆರಳೆಣಿಕೆಯಷ್ಟು: ಬಿಳಿ, ಗುಲಾಬಿ, ಕೆನೆ. ಹಳದಿ ಮಿಶ್ರಿತ ಕೆನೆಬಣ್ಣಕ್ಕೆ ‘ರಾಶೆಲ್’ ಎಂಬ ಹೆಸರಿತ್ತು. ಫ್ರೆಂಚ್ ದುರಂತ ನಾಟಕಗಳ ಪ್ರಖ್ಯಾತ ನಟಿ ರಾಶೆಲ್ (1821–1858) ಅವರಿಂದ ಬಂದ ಹೆಸರಿದು. ಗುಲಾಬಿ ಛಾಯೆಯನ್ನು ‘ಮಾಂಸವರ್ಣ’ ಎಂಬ ಅರ್ಥದ ಪದದಿಂದಲೂ ಕರೆಯುತ್ತಿದ್ದರು. ಆ ಒಂದು ಪದದಲ್ಲಿ ಇಡೀ ಸಮಸ್ಯೆ ಅಡಗಿದೆ. ಮನುಷ್ಯನ ಮಾಂಸಕ್ಕೆ ಒಂದೇ ಬಣ್ಣವೆಂದೂ ಅದು ಗುಲಾಬಿಯೆಂದೂ ಹೇಳುವ ಡಬ್ಬಿಯು, ಉಳಿದವರನ್ನು ಹೆಸರಿಲ್ಲದವರನ್ನಾಗಿಸುತ್ತದೆ.

ಇದಕ್ಕೆ ಉತ್ತರ ಬಂದದ್ದು ಅಮೆರಿಕದ ಕಪ್ಪು ಸಮುದಾಯದ ಒಳಗಿನಿಂದಲೇ. ಲೂಯಿಸಿಯಾನದಲ್ಲಿ, ಗುಲಾಮಗಿರಿ ಕೊನೆಗೊಳ್ಳುವ ಹೊತ್ತಿಗೆ ಗುಲಾಮ ಕುಟುಂಬವೊಂದರಲ್ಲಿ ಹುಟ್ಟಿದ ಆಂಟನಿ ಓವರ್ಟನ್ 1898ರಲ್ಲಿ ಕ್ಯಾನ್ಸಾಸ್ ಸಿಟಿಯಲ್ಲಿ ಓವರ್ಟನ್ ಹೈಜೀನಿಕ್ ಕಂಪನಿಯನ್ನು ಸ್ಥಾಪಿಸಿದರು. ಕಂಪನಿ ಮೊದಲು ತಯಾರಿಸಿದ್ದು ಅಡುಗೆಯ ಬೇಕಿಂಗ್ ಪೌಡರ್. ಅನಂತರ ಬಂದ ‘ಹೈ ಬ್ರೌನ್ ಫೇಸ್ ಪೌಡರ್’ ಕಪ್ಪು ಮಹಿಳೆಯರಿಗಾಗಿ ಸಿದ್ಧಪಡಿಸಿ ವ್ಯಾಪಕವಾಗಿ ಮಾರಿದ ಮೊದಮೊದಲ ಮುಖಚೂರ್ಣಗಳಲ್ಲಿ ಒಂದು. 1911ರಲ್ಲಿ ಕಂಪನಿ ಶಿಕಾಗೋ ನಗರಕ್ಕೆ ಬಂತು. ಮುಖಚೂರ್ಣದ ಗಳಿಕೆಯ ಬಲದಿಂದ ಓವರ್ಟನ್ ಮುಂದೆ ಪತ್ರಿಕೆ, ವಿಮಾಸಂಸ್ಥೆ, ಬ್ಯಾಂಕುಗಳನ್ನೂ ಕಟ್ಟಿದರು. ಒಂದು ಡಬ್ಬಿ ಪುಡಿಗೆ ಸಮುದಾಯದ ಆರ್ಥಿಕ ಚರಿತ್ರೆಯಲ್ಲಿ ಇಂತಹ ಪಾಲಿದೆ.

ಆದರೆ ‘ಹೈ ಬ್ರೌನ್’ ಎಂಬ ಹೆಸರನ್ನು ಸೂಕ್ಷ್ಮವಾಗಿ ಓದಬೇಕು. ಅಂದಿನ ಆಡುಮಾತಿನಲ್ಲಿ ಅದು ತಿಳಿಕಂದು ಮೈಬಣ್ಣವನ್ನು ಸೂಚಿಸುತ್ತಿತ್ತು. ಆ ಬಣ್ಣದೊಡನೆ ಸಾಮಾಜಿಕ ಮೇಲ್ಮೆಯ ಸೂಚನೆಯೂ ಬೆರೆತಿತ್ತು. ಬಿಳಿಯರ ಗುಲಾಬಿಯನ್ನು ನಿರಾಕರಿಸಿದ ಪುಡಿಯೇ ತನ್ನ ಸಮುದಾಯದೊಳಗೆ ಮತ್ತೊಂದು ಮೆಟ್ಟಿಲನ್ನು ಒಪ್ಪಿಕೊಂಡಿತ್ತು. ಕನ್ನಡದ ವಧೂವರರ ಜಾಹೀರಾತುಗಳಲ್ಲಿ ಬರುವ ‘ಗೋಧಿ ಬಣ್ಣ’ ಮಾಡುವ ಕೆಲಸವೂ ಇಂಥದೇ: ಕಪ್ಪು ಎನ್ನುವುದನ್ನು ತಪ್ಪಿಸುವುದಕ್ಕೆ ಹುಡುಕಿಕೊಂಡ ಗೌರವದ ಮಾತು.

ಬೆಳಕು, ಪಟಲ, ಪ್ಯಾನ್‌ಕೇಕ್

20ನೆಯ ಶತಮಾನದಲ್ಲಿ ಮುಖಚೂರ್ಣದ ಛಾಯೆಗಳನ್ನು ಹೆಚ್ಚಿಸಿದ್ದು ಸಿನಿಮಾ. ಮೂಕಿಚಿತ್ರಗಳ ಕಾಲದ ಆರ್ಥೋಕ್ರೊಮ್ಯಾಟಿಕ್ ಪಟಲಕ್ಕೆ ಕೆಂಪು ಬಣ್ಣ ಕಾಣುತ್ತಿರಲಿಲ್ಲ. ಕೆಂಪೆಲ್ಲವೂ ಕಪ್ಪಾಗಿ ಮೂಡುತ್ತಿತ್ತು. ಗುಲಾಬಿ ಕೆನ್ನೆಯ ನಟಿಯೂ ತೆರೆಯ ಮೇಲೆ ಕಪ್ಪಾಗುತ್ತಿದ್ದಳು. ಚರ್ಮದ ಬಣ್ಣವೆಂಬುದು ಚರ್ಮದ ಗುಣ ಮಾತ್ರವಲ್ಲ, ನೋಡುವ ಸಾಧನದ ಗುಣವೂ ಹೌದು ಎಂಬುದನ್ನು ಪ್ರಸಾಧನಕಾರರು ಪ್ರತ್ಯಕ್ಷ ಕಲಿತದ್ದು ಹೀಗೆ. ಪೋಲೆಂಡಿನಲ್ಲಿ ಹುಟ್ಟಿ 1904ರಲ್ಲಿ ಅಮೆರಿಕಕ್ಕೆ ವಲಸೆ ಬಂದ ಮ್ಯಾಕ್ಸ್ ಫ್ಯಾಕ್ಟರ್ 1914ರಲ್ಲಿ ಚಿತ್ರನಟರಿಗಾಗಿ ಹನ್ನೆರಡು ಛಾಯೆಗಳ ತೆಳುವಾದ ಬಣ್ಣದ ಕ್ರೀಮನ್ನು ತಯಾರಿಸಿದರು. ಮುಖಚೂರ್ಣ, ಕೆನ್ನೆಗೆಂಪು, ತುಟಿರಂಗುಗಳು ವ್ಯಕ್ತಿಯ ಚರ್ಮ, ಕೂದಲು ಮತ್ತು ಕಣ್ಣಿನ ಬಣ್ಣಗಳಿಗೆ ಹೊಂದಬೇಕೆಂಬ ‘ವರ್ಣಸಾಮರಸ್ಯ’ದ ತತ್ತ್ವವನ್ನು 1918ರಲ್ಲಿ ಮುಂದಿಟ್ಟರು. ವರ್ಣಚಿತ್ರಗಳ ಕಾಲ ಬಂದಾಗ ಅವರ ಸಂಸ್ಥೆ ‘ಪ್ಯಾನ್‌ಕೇಕ್’ ಎಂಬ ಬಿಲ್ಲೆಯನ್ನು ರೂಪಿಸಿತು. ಒದ್ದೆ ಸ್ಪಂಜಿನಿಂದ ಹಚ್ಚುವ, ಬಣ್ಣವನ್ನೂ ಪುಡಿಯನ್ನೂ ಒಂದಾಗಿಸಿದ ಈ ವಸ್ತು 1938ರ ಹೊತ್ತಿಗೆ ಸಾಮಾನ್ಯ ಗ್ರಾಹಕರಿಗೂ ದೊರೆಯತೊಡಗಿತು.

ಪ್ಯಾನ್‌ಕೇಕ್ ಮದ್ರಾಸಿಗೂ ಬಂತು. ಜೆಮಿನಿ ಸ್ಟುಡಿಯೋದಲ್ಲಿ ಕೆಲಸ ಮಾಡಿದ್ದ ತಮಿಳು ಲೇಖಕ ಅಶೋಕಮಿತ್ರನ್ ತಮ್ಮ ನೆನಪುಗಳಲ್ಲಿ ಅಲ್ಲಿನ ಪ್ರಸಾಧನ ಕೊಠಡಿಯನ್ನು ವಿನೋದದಿಂದ ಚಿತ್ರಿಸಿದ್ದಾರೆ. ಸುತ್ತಲೂ ಉರಿಯುವ ದೀಪಗಳು, ದಪ್ಪವಾಗಿ ಬಳಿದ ಬಣ್ಣ, ಅದರಡಿಯಲ್ಲಿ ಗುರುತು ಕಳೆದುಕೊಂಡ ಮುಖಗಳು. ಬೇರೆ ಬೇರೆ ಪ್ರಾಂತಗಳಿಂದ ಬಂದ ಪ್ರಸಾಧನಕಾರರ ಆ ತಂಡದಲ್ಲಿ ಧಾರವಾಡದ ಒಬ್ಬ ಕನ್ನಡಿಗನೂ ಇದ್ದನೆಂದು ಅವರು ದಾಖಲಿಸಿದ್ದಾರೆ. ಕನ್ನಡ ಚಿತ್ರೋದ್ಯಮವೂ ಆಗ ಬಹುಮಟ್ಟಿಗೆ ಮದ್ರಾಸಿನ ಸ್ಟುಡಿಯೋಗಳನ್ನೇ ಅವಲಂಬಿಸಿತ್ತು. ಬೇರೊಂದು ಭೂಖಂಡದ ಚರ್ಮಗಳಿಗೆ ಹೊಂದಿಸಿದ ಬಿಲ್ಲೆಗಳಿಂದ ದಕ್ಷಿಣದ ಮುಖಗಳನ್ನು ಸಿದ್ಧಪಡಿಸಬೇಕಾದ ಇಕ್ಕಟ್ಟು ಈ ಕೊಠಡಿಗಳದು.

ಛಾಯಾಚಿತ್ರಣವೂ ಇದರಿಂದ ಹೊರತಾಗಿರಲಿಲ್ಲ. 20ನೆಯ ಶತಮಾನದ ನಡುವಿನ ದಶಕಗಳಲ್ಲಿ ವರ್ಣಚಿತ್ರಗಳ ಮುದ್ರಣವನ್ನು ಸರಿಹೊಂದಿಸಲು ಪ್ರಯೋಗಾಲಯಗಳಲ್ಲಿ ಬಳಸುತ್ತಿದ್ದ ಮಾದರಿ ಚಿತ್ರ, ‘ಶರ್ಲಿ ಕಾರ್ಡ್’, ಬಿಳಿಯ ಮಹಿಳೆಯದಾಗಿತ್ತು. ಆಕೆಯ ಚರ್ಮ ಸರಿಯಾಗಿ ಮೂಡಿದರೆ ಮುದ್ರಣ ಸರಿ. ಕಪ್ಪು ಮುಖದ ವಿವರಗಳು ಆ ಲೆಕ್ಕದಲ್ಲಿ ಮುಳುಗಿಹೋಗುತ್ತಿದ್ದವು.

ಚೌಕಿಯ ಬಣ್ಣ, ಮನೆಯ ಸ್ನೋ-ಪೌಡರ್

ಕರ್ನಾಟಕದಲ್ಲಿ ಭರತನ ಮಿಶ್ರಣ ತತ್ತ್ವದ ನೆನಪು ತರುವ ಜೀವಂತ ಪರಂಪರೆ ಯಕ್ಷಗಾನದ ಚೌಕಿಯಲ್ಲಿದೆ. ಸಾಂಪ್ರದಾಯಿಕ ಮುಖವರ್ಣಿಕೆಯ ಸಾಮಗ್ರಿಗಳು ಹಳದಿಗೆ ಅರದಾಳ, ಕೆಂಪಿಗೆ ಇಂಗಳೀಕ, ಬಿಳಿಗೆ ಸಫೇದ, ಕಪ್ಪಿಗೆ ಕಾಡಿಗೆ. ಇವುಗಳನ್ನು ತೆಂಗಿನೆಣ್ಣೆಯಲ್ಲಿ ಕಲಸಿ, ವೇಷಕ್ಕೆ ತಕ್ಕ ಹದದಲ್ಲಿ ಮುಖಕ್ಕೆ ಹಚ್ಚಿಕೊಳ್ಳುತ್ತಾರೆ. ಎಣ್ಣೆಯ ಬಣ್ಣ ರಾತ್ರಿಯಿಡೀ ನಿಲ್ಲಬೇಕಾದರೆ ಅದರ ಮೇಲೆ ಪುಡಿಯ ತೆಳುಪದರ ಬೇಕು. ಸೆಟ್ಟಿಂಗ್ ಪೌಡರಿನ ತತ್ತ್ವವೇ ಇದು. ಅರದಾಳ ಆರ್ಸೆನಿಕ್‌ನ ಸಂಯುಕ್ತ, ಇಂಗಳೀಕ ಪಾದರಸದ್ದು ಎಂಬುದನ್ನೂ ಇಲ್ಲಿ ನೆನೆಯಬೇಕು. ಯುರೋಪಿನ ಸೀಸದ ಬಿಳುಪಿನಂತೆ ಇಲ್ಲಿಯೂ ಬಣ್ಣದ ಬೆಲೆಯನ್ನು ಕಲಾವಿದನ ದೇಹವೇ ತೆತ್ತಿದೆ.

ಮನೆಯೊಳಗಿನ ಕಥೆ ಬೇರೆ. 20ನೆಯ ಶತಮಾನದ ಆರಂಭದ ದಶಕಗಳಿಂದ ನಗರಗಳ ಮಧ್ಯಮ ವರ್ಗಕ್ಕೆ ಹೇಜಲಿನ್ ಸ್ನೋ, ಅಫ್ಘನ್ ಸ್ನೋ ಮೊದಲಾದವು ಪರಿಚಿತವಾದವು. ಕನ್ನಡದ ‘ಸ್ನೋ-ಪೌಡರ್’ ಎಂಬ ಜೋಡುನುಡಿ ಪ್ರಸಾಧನದ ಕ್ರಮವನ್ನೇ ಹೇಳುತ್ತದೆ. ಚರ್ಮದಲ್ಲಿ ಇಂಗಿ ಮರೆಯಾಗುವ ಕ್ರೀಮು ಮೊದಲು, ಅದರ ಮೇಲೆ ಪುಡಿ. ಪುಡಿ ಹಿಡಿದು ನಿಲ್ಲಲು ಕ್ರೀಮು ಆಧಾರ. ಆದರೆ ‘ಸ್ನೋ’ ಎಂದರೆ ಹಿಮ. ವಸ್ತುವಿನ ಹೆಸರೇ ಬಿಳುಪಿನ ವಾಗ್ದಾನವಾಗಿತ್ತು. ಅದಕ್ಕೆ ಜೊತೆಯಾದ ಪುಡಿಯೂ ಬಿಳಿಯ ಟಾಲ್ಕಂ. ಕುತ್ತಿಗೆ ಒಂದು ಬಣ್ಣ, ಮುಖ ಇನ್ನೊಂದು ಬಣ್ಣವಾಗಿ, ಬೆವರಿಳಿದ ಕಡೆ ಗೆರೆಗಳು ಮೂಡಿದ ಮುಖ ನಮ್ಮ ಹಾಸ್ಯ ಪ್ರಸಂಗಗಳಲ್ಲಿ ನಗೆಯ ವಸ್ತುವಾಯಿತು. ನಗೆಗೀಡಾದದ್ದು ಹಚ್ಚಿಕೊಂಡವರ ಅಜ್ಞಾನ. ಅವರಿಗೆ ಹೊಂದುವ ಪುಡಿಯನ್ನು ತಯಾರಿಸದ ಮಾರುಕಟ್ಟೆಯನ್ನು ಯಾರೂ ನಗೆಯಾಡಲಿಲ್ಲ.

ಸ್ವಾತಂತ್ರ್ಯಾನಂತರ ಆಮದು ಪ್ರಸಾಧನಗಳಿಗೆ ಪರ್ಯಾಯವಾಗಿ 1952ರಲ್ಲಿ ಟಾಟಾ ಸಮೂಹ ‘ಲ್ಯಾಕ್ಮೆ’ಯನ್ನು ಆರಂಭಿಸಿತು. ಲಕ್ಷ್ಮಿಯ ಹೆಸರು ಫ್ರೆಂಚ್ ಗೀತನಾಟಕವೊಂದರ ಮೂಲಕ ಸುತ್ತಿಬಂದು ಭಾರತೀಯ ಡಬ್ಬಿಯ ಮೇಲೆ ಕುಳಿತದ್ದು ಸ್ವಾರಸ್ಯಕರ. ಭಾರತೀಯ ಚರ್ಮಕ್ಕೆ ತಕ್ಕ ಛಾಯೆಗಳ ವಿಚಾರ ಇಲ್ಲಿಂದ ಬೆಳೆಯಿತಾದರೂ, 1975ರಲ್ಲಿ ಮಾರುಕಟ್ಟೆಗೆ ಬಂದ ‘ಫೇರ್ ಅಂಡ್ ಲವ್ಲಿ’ ಪ್ರಶ್ನೆಯನ್ನೇ ಬದಲಿಸಿತು. ಚರ್ಮಕ್ಕೆ ಪ್ರಸಾಧನವನ್ನು ಹೊಂದಿಸುವ ಬದಲು ಚರ್ಮವನ್ನೇ ತಿದ್ದುವ ಆಸೆಯನ್ನು ಅದು ಮಾರಿತು. ಆ ಹೆಸರಿನಿಂದ ‘ಫೇರ್’ ಎಂಬ ಪದ ಬಿದ್ದುಹೋಗಲು 2020ರವರೆಗೆ ಕಾಯಬೇಕಾಯಿತು. ಅದೇ ಕಾಲಾವಧಿಯಲ್ಲಿ ಅಮೆರಿಕದಲ್ಲಿ ನಡೆದದ್ದು ಬೇರೆ. ತಮ್ಮ ಫ್ಯಾಷನ್ ಪ್ರದರ್ಶನದ ಕಪ್ಪು ರೂಪದರ್ಶಿಯರು ಎರಡು ಮೂರು ಡಬ್ಬಿಗಳ ಬಣ್ಣ ಬೆರೆಸಿ ತಮ್ಮ ಮೈಬಣ್ಣವನ್ನು ತಾವೇ ತಯಾರಿಸಿಕೊಳ್ಳುತ್ತಿದ್ದುದನ್ನು ಕಂಡ ಯೂನಿಸ್ ಜಾನ್ಸನ್ 1973ರಲ್ಲಿ ‘ಫ್ಯಾಷನ್ ಫೇರ್’ ಪ್ರಸಾಧನಗಳನ್ನು ಆರಂಭಿಸಿದರು. 2017ರಲ್ಲಿ ಗಾಯಕಿ ರಿಹಾನಾ ಅವರ ‘ಫೆಂಟಿ’ ಸಂಸ್ಥೆ ನಲವತ್ತು ಛಾಯೆಗಳ ಫೌಂಡೇಶನ್ನಿನೊಡನೆ ಬಂದಾಗ, ಉಳಿದ ಸಂಸ್ಥೆಗಳೂ ತಮ್ಮ ಪಟ್ಟಿಗಳನ್ನು ವಿಸ್ತರಿಸಬೇಕಾಯಿತು.

ಚೂರ್ಣದ ಆಯ್ಕೆ ಮತ್ತು ಬಳಕೆ

ಈ ಚರಿತ್ರೆಯ ಬೆಳಕಿನಲ್ಲಿ ಇಂದಿನ ಬಳಕೆಯ ನಿಯಮಗಳನ್ನು ಓದಿದರೆ ಅವುಗಳ ಕಾರಣ ತಿಳಿಯುತ್ತದೆ. ಪುಡಿಗೆ ಬಿಳುಪು ಕೊಡುವವು ಸತುವಿನ ಆಕ್ಸೈಡ್ ಮತ್ತು ಟೈಟಾನಿಯಂ ಡೈಆಕ್ಸೈಡ್. ಇವು ಬೆಳಕನ್ನು ಚದುರಿಸುತ್ತವೆ. ಆದುದರಿಂದ ಎಣ್ಣೆಗಪ್ಪು ಅಥವಾ ಸಾದಗಪ್ಪು ಚರ್ಮದ ಮೇಲೆ ಬೂದುಬಣ್ಣವಾಗಿ ಕಾಣುತ್ತವೆ. ಛಾಯೆಯನ್ನು ಕೊಡುವವು ಕೆಂಪು, ಹಳದಿ, ಕಪ್ಪು ಕಬ್ಬಿಣದ ಆಕ್ಸೈಡ್‌ಗಳು. ಭರತನ ಕಾಲದಲ್ಲಿ ನೀಲಕ್ಕೆ ಇದ್ದ ಎಚ್ಚರಿಕೆ ಇಲ್ಲಿ ಕಪ್ಪು ಆಕ್ಸೈಡಿಗೆ ಅನ್ವಯಿಸುತ್ತದೆ: ಸ್ವಲ್ಪವೇ ಸಾಕು. ‘ಪಾರದರ್ಶಕ’ ಎಂದು ಮಾರಾಟವಾಗುವ ಪುಡಿ ಎಲ್ಲರಿಗೂ ಪಾರದರ್ಶಕವಲ್ಲ. ತಿಳಿಬಣ್ಣದ ಮುಖದಲ್ಲಿ ಕಾಣದಂತಾಗುವ ಪುಡಿ ಗಾಢವರ್ಣದ ಮುಖದಲ್ಲಿ ತೆಳು ಮಬ್ಬಾಗಿ ಉಳಿಯಬಹುದು. ಗಾಢ ಮೈಬಣ್ಣಕ್ಕೆ ಕೆಂಪು-ಕಂದು ಅಥವಾ ಜೇನಿನಂಥ ಛಾಯೆ ಬೆರೆತ ಪುಡಿಯೂ, ಗೋಧಿ ಬಣ್ಣ ಮತ್ತು ಎಣ್ಣೆಗೆಂಪಿಗೆ ಹಳದಿ ಒಳಛಾಯೆಯ ಪುಡಿಯೂ, ತೀರ ತಿಳಿಯಾದ ಚರ್ಮಕ್ಕೆ ಬಣ್ಣವಿಲ್ಲದ ಅಥವಾ ತುಸು ಗುಲಾಬಿಯ ಪುಡಿಯೂ ಸಾಮಾನ್ಯವಾಗಿ ಹೊಂದುತ್ತವೆ.

ಆರಿಸುವಾಗ ಮುಂಗೈಯ ಮೇಲೆ ಹಚ್ಚಿ ನೋಡುವುದು ಸಾಲದು, ಏಕೆಂದರೆ ಕೈಯ ಬಣ್ಣವೂ ಮುಖದ ಬಣ್ಣವೂ ಒಂದೇ ಆಗಿರುವುದಿಲ್ಲ. ದವಡೆಯಂಚಿನಲ್ಲಿ, ಕುತ್ತಿಗೆಯ ಬಣ್ಣಕ್ಕೆ ಹೋಲಿಸಿ, ಹಗಲು ಬೆಳಕಿನಲ್ಲಿ ನೋಡಬೇಕು. ಬಳಸುವಾಗ ಎಣ್ಣೆ ಒಸರುವ ಹಣೆ, ಮೂಗು, ಗಲ್ಲಗಳ ಮೇಲೆ ಸ್ವಲ್ಪವೇ ಪುಡಿಯನ್ನು ಪಫ್‌ನಿಂದ ಒತ್ತಿ, ಮಿಕ್ಕಿದ್ದನ್ನು ಮೆದುವಾದ ಬ್ರಷ್‌ನಿಂದ ಉದುರಿಸಬೇಕು. ಉಜ್ಜಿದರೆ ಕೆಳಗಿನ ಬಣ್ಣ ಕದಡುತ್ತದೆ. ಒಣಚರ್ಮಕ್ಕೂ ಕಣ್ಣಿನ ಕೆಳಗಿನ ಸುಕ್ಕುಗಳಿಗೂ ಪುಡಿ ಕಡಿಮೆಯಾದಷ್ಟೂ ಒಳಿತು. ಸಿಲಿಕಾ ಹೆಚ್ಚಾಗಿರುವ ಪುಡಿ ಬರಿಗಣ್ಣಿಗೆ ಕಾಣದಿದ್ದರೂ ಕ್ಯಾಮೆರಾದ ಫ್ಲ್ಯಾಶ್ ಬೆಳಕನ್ನು ಹಿಂದಿರುಗಿಸಿ ಬಿಳಿಯ ಕಲೆಗಳನ್ನು ಮೂಡಿಸುತ್ತದೆ. ಮದುವೆಯಂಥ ಸಮಾರಂಭಕ್ಕೆ ಮುನ್ನ ಒಂದು ಫ್ಲ್ಯಾಶ್ ಚಿತ್ರ ತೆಗೆದು ನೋಡುವುದು ಕ್ಷೇಮ. ಮೂಕಿಚಿತ್ರಗಳ ಕಾಲದ ಪಾಠ ಇಂದಿಗೂ ಸತ್ಯ: ಮುಖವನ್ನು ಯಾವ ಬೆಳಕು ನೋಡುತ್ತದೆ ಎಂಬುದನ್ನು ಅರಿತೇ ಪುಡಿಯನ್ನು ಆರಿಸಬೇಕು.

ಕನ್ನಡದಲ್ಲಿ ಎಣ್ಣೆಗಪ್ಪು, ಸಾದಗಪ್ಪು, ನಸುಗಪ್ಪು, ಎಣ್ಣೆಗೆಂಪು, ಗೋಧಿ ಬಣ್ಣ ಎಂಬ ಪದಗಳು ಬಹುಕಾಲದಿಂದ ಬಳಕೆಯಲ್ಲಿವೆ. ಡಬ್ಬಿಗಳ ಮೇಲೆ ಇವುಗಳಿಗೆ ಸರಿಸಾಟಿಯಾದ ಛಾಯೆಗಳು ಬರುವ ಮೊದಲೇ ನುಡಿಯು ಅವನ್ನು ಕಂಡು ಹೆಸರಿಸಿತ್ತು. ಆ ಹೆಸರುಗಳಲ್ಲಿ ಕೆಲವು ಮೆಚ್ಚುಗೆಯಿಂದ, ಕೆಲವು ಸಂಕೋಚದಿಂದ ಹುಟ್ಟಿದವು. ಹಳೆಯ ಕನ್ನಡ ನಿಯತಕಾಲಿಕೆಗಳ ಸ್ನೋ-ಪೌಡರ್ ಜಾಹೀರಾತುಗಳು, ನಾಟಕ ಕಂಪನಿಗಳ ಪ್ರಸಾಧನಕಾರರ ನೆನಪುಗಳು, ಚೌಕಿಯ ಬಣ್ಣದ ಲೆಕ್ಕಾಚಾರ, ಕಾದಂಬರಿಗಳಲ್ಲಿ ನಾಯಿಕೆಯ ಮೈಬಣ್ಣವನ್ನು ಹೇಳಲು ಆರಿಸಿಕೊಂಡ ಪದಗಳು: ಇವನ್ನೆಲ್ಲ ಒಟ್ಟಿಗೆ ಇಟ್ಟು ಓದುವ ಅಧ್ಯಯನಕ್ಕೆ ಕನ್ನಡದಲ್ಲಿ ವಿಪುಲ ಸಾಮಗ್ರಿಯಿದೆ. ‘ಶ್ಯಾಮಾ’ ಎಂಬ ಪದಕ್ಕೆ ವಯಸ್ಸಿನ ಅರ್ಥ ಹೇಳುವಾಗ ಬಣ್ಣದ ಅರ್ಥವನ್ನು ಏಕೆ ಬದಿಗಿಟ್ಟೆವು ಎಂಬ ಪ್ರಶ್ನೆಯಿಂದ ಆ ಅಧ್ಯಯನ ಆರಂಭವಾಗಬಹುದು.